ಮೊದಲ ಕುಂಕುಮ

"ಗುರುಗಳೇ, ಮನುಷ್ಯ ಕಂಡುಹಿಡಿದದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು? ಈ ಶಾಂತಪ್ಪ ಚಕ್ರ ಅಂತಾನೆ, ನಾನು ಕರೆಂಟು ಅಂತೀನಿ. ಮೂರು ದಿನದಿಂದ ನಮ್ಮಿಬ್ಬರಿಗೆ ಮಾತಿಲ್ಲ" ಅಂದ ಚೆನ್ನಮಲ್ಲ.

ಗುರುಗಳು ಬಾಯಲ್ಲಿದ್ದ ಎಲೆಅಡಿಕೆ ಒಂದು ಕಡೆಗೆ ಸರಿಸಿ ಶುರುಮಾಡಿದರು.

ಒಂದೂರಲ್ಲಿ ಒಂದು ಬಾವಿ. ಬೆಳಿಗ್ಗೆ ಕಲ್ಲು ಹಾಕಿದರೆ ಮಧ್ಯಾಹ್ನ ಊಟಕ್ಕೆ ಕೂತಾಗ ಸದ್ದು ಕೇಳೋದು. ನಾನೇ ಹಾಕಿ ನೋಡಿದ್ದೀನಿ. ಅದಕ್ಕೆ ಒಬ್ಬ ಬಡಗಿ ರಾಟೆ ಮಾಡಿಕೊಟ್ಟಿದ್ದ. ಇನ್ನೊಬ್ಬ ಹಗ್ಗ ಹೊಸೆದಿದ್ದ, ಅಷ್ಟುದ್ದದ ಹಗ್ಗ ಊರಲ್ಲಿ ಅದೊಂದೇ. ಕಮ್ಮಾರ, ಬಿದ್ದ ಕೊಡ ಎತ್ತೋ ಕೊಕ್ಕೆಗಳ ಪಾತಾಳಗರಡಿ ಬಡಿದಿದ್ದ. ಅದು ಎಂಥದು ಅಂದರೆ, ಮುತ್ತಜ್ಜಿ ಕಾಲದಲ್ಲಿ ಬಿದ್ದ ಮೂಗುತಿಯನ್ನೂ ಹುಡುಕಿ ತರೋದು.

ಆಯುಧಪೂಜೆ ಬಂತು. ಮೂರನ್ನೂ ಬಿಚ್ಚಿ, ತೊಳೆದು, ಮಣೆ ಮೇಲಿಟ್ಟರು. ಪೂಜೆ ಆಗೋವರೆಗೂ ಯಾರೂ ಮುಟ್ಟೋ ಹಾಗಿಲ್ಲ. ಮೊದಲ ಕುಂಕುಮ ದೊಡ್ಡದಕ್ಕೆ. ಯಾವುದು ದೊಡ್ಡದು ಅಂತ ಮೂವರಿಗೂ ಜಗಳ ಹತ್ತಿತು.

ಅಷ್ಟರಲ್ಲಿ ಒಬ್ಬ ಕುಂಬಾರ ಓಡಿ ಬಂದ. "ನನ್ನ ಹೆಂಡತಿ ಬಾವಿಕಟ್ಟೆ ತೊಳೀತಾ ಜಾರಿಬಿದ್ದಳು ಕಣ್ರಪ್ಪಾ. ಬೇರು ಹಿಡಿದು ನೇತಾಡ್ತಿದ್ದಾಳೆ. ಹಗ್ಗ ಕೊಡಿ."

"ಕೇಳಿದಿರಾ? ಪ್ರಾಣ ಹೋಗೋ ಹೊತ್ತಲ್ಲಿ ಹಗ್ಗ ಅಂದ. ರಾಟೆ ಅಂದನಾ?" ಅಂದ ಹಗ್ಗದವನು.

"ಬರೀ ಹಗ್ಗದಲ್ಲಿ ಎಳಿ ನೋಡೋಣ. ನೀನೂ ಹೋಗಿ ಅವಳ ಪಕ್ಕ ನೇತಾಡ್ತೀಯ" ಅಂದ ಬಡಗಿ.

"ಅವಳ ಕೈ ಸೋತರೆ ಸೆರಗಿಗೆ ಸಿಕ್ಕಿಸಿ ಎತ್ತೋದು ನನ್ನ ಕೊಕ್ಕೇನೇ" ಅಂದ ಕಮ್ಮಾರ.

ಕುಂಬಾರ ಹಗ್ಗಕ್ಕೆ ಕೈ ಹಾಕಿದ. ಮೂವರೂ ಸೇರಿ ಅವನನ್ನ ಹಿಡಿದುಕೊಂಡರು. ಅದೊಂದರಲ್ಲಿ ಮಾತ್ರ ಒಗ್ಗಟ್ಟು. "ಪೂಜೆ ಆಗದೆ ಮುಟ್ಟೋದುಂಟಾ? ಇನ್ನೇನು ತೀರ್ಮಾನ ಆಗಿಬಿಡ್ತದೆ. ಗಟ್ಟಿಯಾಗಿ ಹಿಡ್ಕೊಂಡಿರು ಅಂತ ಹೇಳು ಹೋಗಣ್ಣ."

ಅವನು ಓಡಿಹೋಗಿ ಬಾವಿಗೆ ಬಗ್ಗಿ ಹೇಳಿದ. "ಹೂಂ" ಅಂದಳು. ಮತ್ತೆ ಬಂದು ಬೇಡಿಕೊಂಡ, ಮತ್ತೆ ಹೋಗಿ ಹೇಳಿದ. ಏಳನೇ ಸಲ ಹೇಳಿದಾಗ ಕೆಳಗಿನಿಂದ ಹೂಂ ಬರಲಿಲ್ಲ.

ಇಷ್ಟು ಹೇಳಿ ಗುರುಗಳು ಮತ್ತೆ ಎಲೆಅಡಿಕೆ ಅಗಿಯೋಕೆ ಶುರುಮಾಡಿದರು.

ಚೆನ್ನಮಲ್ಲ ಹತ್ತಿರ ಸರಿದ. "ಆಮೇಲೆ, ಗುರುಗಳೇ? ಮೊದಲ ಕುಂಕುಮ ಯಾವುದಕ್ಕೆ ಬಿತ್ತು?"

"ಅವಳು ಮೇಲೆ ಬಂದಳಾ ಅಂತ ಕೇಳ್ತೀಯೇನೋ ಅಂದುಕೊಂಡಿದ್ದೆ, ಮಗಾ."