ಎರಡೂ ಕೈ ದಾರದ ಮೇಲೆ

ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಫಕೀರವ್ವ ಎಂಬ ಮುದುಕಿ ಇದ್ದಳು. ಆಕೆಗೆ ಮಠವಿರಲಿಲ್ಲ, ಆಶ್ರಮವಿರಲಿಲ್ಲ. ಒಂದು ತಗಡಿನ ಗುಡಿಸಲು, ಒಂದು ಹರಿಗೋಲು, ಒಂದು ಉಂಡೆ ದಾರ, ನಾಲ್ಕು ಗಾಳ. ಇಷ್ಟೇ ಆಸ್ತಿ. ಆದರೂ ಗಾಳದ ವಿದ್ಯೆಯಲ್ಲಿ ಆ ದಂಡೆಯವರೆಲ್ಲ ಆಕೆಯನ್ನು ಗುರು ಎಂದು ಒಪ್ಪಿದ್ದರು.

ಯಮನೂರ ಆಕೆಯ ಬಳಿಗೆ ಬಂದದ್ದು ಸಿಟ್ಟಿನಲ್ಲಿ.

ಅವನ ಸಿಟ್ಟಿಗೆ ಕಾರಣವಿತ್ತು. ಅದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆ ವರ್ಷದ ಮೊದಲ ಮಳೆಗೆ ಅವನು ಹಳ್ಳದ ಬಾಯಿಗೆ, ಅಂದರೆ ಹಳ್ಳ ಬಂದು ಹಿನ್ನೀರು ಸೇರುವ ಕಡೆ, ಹೊಸ ಬಲೆ ಕಟ್ಟಿದ್ದ. ಬೆಳಿಗ್ಗೆ ಹೋಗಿ ನೋಡಿದರೆ ಬಲೆ ಚೂರು ಚೂರಾಗಿತ್ತು. ಮೀನು ಹರಿದದ್ದಲ್ಲ, ಮೊಸಳೆ ಹರಿದದ್ದೂ ಅಲ್ಲ. ಯಾರೋ ಕುಡುಗೋಲು ಹಿಡಿದು ಗಂಟು ಗಂಟಿಗೂ ಒಂದೊಂದು ಏಟು ಹಾಕಿದ್ದರು.

ಪಕ್ಕದ ಮನೆಯ ಪರಸಪ್ಪನದೇ ಈ ಕೆಲಸ ಎಂದು ಯಮನೂರ ನಂಬಿದ. ಹಿಂದಿನ ವಾರವಷ್ಟೇ ಇಬ್ಬರಿಗೂ ಬಲೆ ಹಾಕುವ ಜಾಗಕ್ಕೆ ಜಗಳವಾಗಿತ್ತು.

ಹಿರಿಯರು ಕೂಡಿದರು. "ಗಂಗವ್ವನ ಕಟ್ಟಿ ಮುಟ್ಟಿ ಆಣಿ ಮಾಡು" ಎಂದು ಪರಸಪ್ಪನಿಗೆ ಹೇಳಿದರು.

"ಮಾಡದ ತಪ್ಪಿಗೆ ಯಾಕ ಆಣಿ ಮಾಡ್ಲಿ?" ಎಂದ ಪರಸಪ್ಪ.

ಆಣೆ ಮಾಡದವನು ಈ ದಂಡೆಯಿಂದ ನೀರಿಗೆ ಇಳಿಯಕೂಡದು ಎಂದು ತೀರ್ಮಾನವಾಯಿತು. ಪರಸಪ್ಪ ಹೆಂಡತಿ ಮಕ್ಕಳನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಆಚೆ ದಂಡೆಗೆ ಹೋದ. ಅಲ್ಲಿ ಚಪ್ಪರ ಹಾಕಿಕೊಂಡು ಉಳಿದ.

ಅಷ್ಟಾದರೂ ಯಮನೂರನ ಸಿಟ್ಟು ಆರಲಿಲ್ಲ. ಅವನು ಫಕೀರವ್ವನ ಗುಡಿಸಲಿನ ಮುಂದೆ ಬಂದು ನಿಂತ.

"ಆಯಿ, ಬಲೆ ಹೋತು. ನನಗ ಗಾಳ ಹಾಕೂದು ಕಲಸು."

"ಯಾವ ಮೀನಿಗೆ?"

"ಬಾಳೆ ಮೀನಿಗೆ."

ಬಾಳೆ ಮೀನಿಗೂ ಬಾಳೆಹಣ್ಣಿಗೂ ಸಂಬಂಧವಿಲ್ಲ. ಅದರ ಮೈ ಬಾಳೆ ಎಲೆಯ ಹಾಗೆ ಉದ್ದ, ಚಪ್ಪಟೆ. ಬಾಯಿ ಅಗಲ, ಬಾಯಿ ತುಂಬ ಹಲ್ಲು. ನೀರಿನ ತಳದಲ್ಲಿ, ಮುಳುಗಿದ ಬಂಡೆಗಳ ಮಗ್ಗುಲಲ್ಲಿ ಮಲಗಿರುತ್ತದೆ. ದೊಡ್ಡದಾದರೆ ಆಳೆತ್ತರ ಬೆಳೆಯುತ್ತದೆ. ಅದನ್ನು ದಾರದಿಂದ ಎತ್ತುವುದು ಎಲ್ಲರಿಗೂ ಸಾಧ್ಯವಿಲ್ಲ.

ಫಕೀರವ್ವ ಅವನ ಸೊಂಟ ನೋಡಿದಳು. "ಅಲ್ಲೇನೈತಿ?"

"ಚೂರಿ."

"ಮೀನು ಸೀಳಾಕೇನು?"

"ಪರಸ್ಯಾನ್ನ ಸೀಳಾಕ. ಬಲೆ ಅವನೇ ಕೊಯ್ದಾನ ಅಂತ ಯಾರರ ಒಬ್ಬರು ಖಾತ್ರಿ ಹೇಳ್ಲಿ. ಅವತ್ತ ಮುಗಸ್ತೀನಿ."

ಮುದುಕಿ ಏನೋ ಹೇಳಲು ಬಾಯಿ ತೆರೆದಳು. ಹೇಳಲಿಲ್ಲ. ಚೂರಿಯನ್ನು ಇನ್ನೊಮ್ಮೆ ನೋಡಿದಳು.

"ನಾಳೆ ಬಾ" ಎಂದು ಒಳಗೆ ಹೋದಳು.

ಮೊದಲ ತಿಂಗಳು ಆಕೆ ಅವನಿಗೆ ದಾರ ಮುಟ್ಟಲು ಬಿಡಲಿಲ್ಲ. ಹುಟ್ಟು ಕೊಟ್ಟು, "ಆ ಬಂಡಿ ಮ್ಯಾಲೆ ಹರಿಗೋಲು ನಿಂದರ್ಸು" ಎಂದಳು. ಬಂಡೆ ನೀರಿನೊಳಗೆ ಮುಳುಗಿತ್ತು. ಮೇಲೆ ಗಾಳಿ ಬೀಸುತ್ತಿತ್ತು.

ಹರಿಗೋಲು ದೋಣಿಯ ಹಾಗಲ್ಲ. ಅದು ಬುಟ್ಟಿಯಂತೆ ದುಂಡಗೆ. ಮುಂದೆ ಯಾವುದು, ಹಿಂದೆ ಯಾವುದು ಎಂಬುದೇ ಅದಕ್ಕಿಲ್ಲ. ರೊಚ್ಚಿನಿಂದ ಹುಟ್ಟು ಹಾಕಿದರೆ ಮುಂದೆ ಹೋಗುವುದಿಲ್ಲ, ಇದ್ದಲ್ಲೇ ಗಿರಗಿರ ತಿರುಗುತ್ತದೆ.

ಯಮನೂರ ತಿರುಗಿದ. ದಿನವೂ ತಿರುಗಿದ.

"ಏನಲೇ, ಜಾತ್ರಿ ತೊಟ್ಟಿಲ ಮಾಡ್ಯಲ್ಲ! ವಾಂತಿ ಬರಾಕತ್ತೈತಿ ನನಗ."

"ಗಾಳಿ ಐತಿ ಆಯಿ!"

"ಗಾಳಿ ನನಗೂ ಐತಿ."

"ನಿನ್ನ ಕೈಯಾಗ ಹುಟ್ಟು ಇಲ್ಲ!"

ಫಕೀರವ್ವ ಹುಟ್ಟು ಕಿತ್ತುಕೊಂಡು ಅವನ ಬೆನ್ನಿಗೆ ಒಂದು ಕೊಟ್ಟಳು. ಆಮೇಲೆ ಅದೇ ಹುಟ್ಟನ್ನು ನೀರಿಗೆ ಇಳಿಬಿಟ್ಟು, ಅಂಬಲಿ ಕಲಸುವವಳಂತೆ ಆಡಿಸಿದಳು. ಹರಿಗೋಲು ಮೊಳೆ ಹೊಡೆದ ಹಾಗೆ ನಿಂತಿತು.

"ಈಗ ನನ್ನ ಕೈಯಾಗ ಐತಿ" ಎಂದಳು.

ಎರಡನೆಯ ತಿಂಗಳು ದಾರ ಕೊಟ್ಟಳು, ಗಾಳ ಕೊಡಲಿಲ್ಲ. ದಂಡೆಯ ಮೇಲೆ ಅವನಿಗೆ ಬೆನ್ನು ಮಾಡಿ ಕುಳಿತಳು. ದಾರದ ಒಂದು ತುದಿಯನ್ನು ತನ್ನ ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ಇನ್ನೊಂದು ತುದಿಯನ್ನು ಅವನ ತೋರುಬೆರಳಿಗೆ ಹಾಕಿದಳು.

"ನಾನ ಬಾಳೆ ಮೀನು. ನಾ ಬಾಯಿ ಹಾಕಿದಾಗ ಹೇಳು."

ಯಮನೂರ ಕಾದ. ಬಿಸಿಲು ಏರಿತು. ಅವನ ತಲೆಯಲ್ಲಿ ಪರಸಪ್ಪ, ಕುಡುಗೋಲು, ಚೂರಾದ ಬಲೆ.

"ಈಗ!" ಎಂದ.

"ಅದು ನೊಣ ಕುಂತದ್ದು."

ಮತ್ತೆ ಕಾದ. ಮತ್ತೆ, "ಈಗ!"

"ಮೀನು ಮೂರು ಸಲ ಬಂದು ಹುಳ ತಿಂದು, ನೀರು ಕುಡದು, ಮಲಗೇತಿ. ನೀ ಎಲ್ಲಿದ್ದಿ?"

"ನಾ ಇಲ್ಲೇ ಅದೀನಿ!"

"ಇಲ್ಲ. ನೀ ಆಚಿ ದಂಡ್ಯಾಗದಿ" ಎಂದಳು ಫಕೀರವ್ವ, ತಿರುಗಿ ನೋಡದೆ.

ಯಮನೂರ ದಾರ ಎಸೆದು ಎದ್ದುಹೋದ. ಮರುದಿನ ಮತ್ತೆ ಬಂದ. ಬಲೆಯಿಲ್ಲದ ಅಂಬಿಗನಿಗೆ ಬೇರೆ ದಾರಿ ಇರಲಿಲ್ಲ. ಸ್ವಲ್ಪ ಸ್ವಲ್ಪವಾಗಿ ಅವನ ಬೆರಳು ಕೇಳಲು ಕಲಿಯಿತು. ಮುದುಕಿಯ ಹೆಬ್ಬೆರಳು ಒಂದು ಎಳ್ಳಿನಷ್ಟು ಅಲುಗಿದರೂ ಅವನಿಗೆ ಗೊತ್ತಾಗುತ್ತಿತ್ತು. ಆದರೆ ಸೊಂಟದಲ್ಲಿ ಚೂರಿ ಇದ್ದೇ ಇತ್ತು.

ಮೂರನೆಯ ತಿಂಗಳು ಗಾಳ ಬಂತು, ಎರೆಹುಳ ಬಂತು, ದಾರ ತಳಕ್ಕಿಳಿಯಲು ಕಟ್ಟುವ ಸೀಸದ ಗುಂಡು ಬಂತು. ಇಬ್ಬರೂ ಹರಿಗೋಲಿನಲ್ಲಿ ನಡುನೀರಿಗೆ ಹೋಗತೊಡಗಿದರು.

ಒಂದು ದಿನ ಆಚೆಯಿಂದ ಇನ್ನೊಂದು ಹರಿಗೋಲು ಬಂತು. ಅದರಲ್ಲಿ ಪರಸಪ್ಪ ಇದ್ದ. ಬಿಸಿಲಿಗೆ ಒಣಗಿ ಕರ್ರಗಾಗಿದ್ದ. ಆದರೆ ನಾಲಿಗೆ ಒಣಗಿರಲಿಲ್ಲ.

"ಏನೋ ಯಮನೂರಾ! ಮುದುಕಿ ಮಗ್ಗಲಾಗ ಕುಂತು ಹುಳ ಪೋಣಸಾಕತ್ತೀಯೇನು? ಮೀನಿಗೆ ಹೂವಿನ ದಂಡಿ ಕಟ್ತೀಯೇನು?"

"ಬಲೆ ಕೊಯ್ದ ಕಳ್ಳ ಬಾಯಿ ಮುಚ್ಚು!"

"ನಾ ಕೊಯ್ದಿಲ್ಲ. ಕೊಯ್ದವ್ರ ಕೈಗೆ ಬೆಳ್ಳಿ ಕಡಗ ಹಾಕ್ತೀನಿ, ಹುಡುಕಿ ಕೊಡು!"

ಯಮನೂರ ಕೈಯಲ್ಲಿದ್ದ ಸೀಸದ ಗುಂಡನ್ನು ಬೀಸಿ ಎಸೆದ. ಅದು ಪರಸಪ್ಪನ ಹುಬ್ಬಿಗೆ ಬಡಿಯಿತು. ರಕ್ತ ಇಳಿಯಿತು. ಪರಸಪ್ಪ ಅದನ್ನು ಒರೆಸಿಕೊಳ್ಳಲೂ ಇಲ್ಲ.

"ನನ್ನ ಮಗಳು ದಿನಾ ಕೇಳ್ತಾಳ, ಅಪ್ಪಾ ಮನಿಗೆ ಯಾವಾಗ ಹೋಗೂದು ಅಂತ" ಎಂದ. ಹುಟ್ಟು ತಿರುಗಿಸಿಕೊಂಡು ಹೋದ.

ಯಮನೂರ ಗುರುವಿನ ಕಡೆ ನೋಡಿದ. ಬೈಯುತ್ತಾಳೆ, ಹುಟ್ಟಿನಿಂದ ಹೊಡೆಯುತ್ತಾಳೆ ಎಂದುಕೊಂಡಿದ್ದ. ಫಕೀರವ್ವ ಹೊಡೆಯಲಿಲ್ಲ. ಆಕೆಯ ಮುಖ ಬೂದಿಯಾಗಿತ್ತು. ಆ ದಿನ ಆಕೆ ಉಣ್ಣಲಿಲ್ಲ.

ಹದಿನೈದು ದಿನ ಕಳೆಯಿತು. ಒಂದು ಬೆಳಿಗ್ಗೆ ಯಮನೂರ ಬಂದಾಗ ಅವನ ಕಣ್ಣು ಕೆಂಪಾಗಿದ್ದವು.

"ಆಯಿ, ಖಾತ್ರಿ ಆತು. ಸಂತ್ಯಾಗ ಪರಸ್ಯಾ ಅಂದಾನಂತ, 'ಕೊಯ್ದದ್ದು ಕಡಿಮಿ ಆತು, ಸುಡಬೇಕಿತ್ತು' ಅಂತ. ನಮ್ಮ ಮಾವ ಕಿವಿಯಾರೆ ಕೇಳ್ಯಾನ. ಇವತ್ತು ಮಧ್ಯಾಹ್ನ ಆಚಿ ದಂಡಿಗೆ ಹೊಂಟೀನಿ."

"ಹಂಗಂದ್ರ ಅವನೇ ಕೊಯ್ದಂಗಾತೇನು?"

"ಇನ್ನೇನಾಗಬೇಕು?"

ಫಕೀರವ್ವ ದಾರದ ಉಂಡೆ ಕೈಗೆತ್ತಿಕೊಂಡಳು. "ಮಧ್ಯಾಹ್ನಕ್ಕ ಇನ್ನೂ ಹೊತ್ತೈತಿ. ಹರಿಗೋಲು ಇಳಸು" ಎಂದಳು.

ನಡುನೀರಿನಲ್ಲಿ, ಮುಳುಗಿದ ಬಂಡೆಯ ಮೇಲೆ, ಆಕೆಯೇ ಹುಟ್ಟು ಹಿಡಿದಳು. ಯಮನೂರ ದಾರ ಬಿಟ್ಟ. ಗುಂಡು ತಳ ಮುಟ್ಟಿತು. ಒಂದು ಗೇಣು ಮೇಲೆತ್ತಿ ಹಿಡಿದ.

ಬೆರಳಿಗೆ ಬೆಕ್ಕು ಮೂಸಿದ ಹಾಗಾಯಿತು.

ಅವನು ಎಳೆಯಲಿಲ್ಲ. ಈ ಹಂತದಲ್ಲಿ ಎಳೆದರೆ ಬರೀ ಗಾಳ ಮೇಲೆ ಬರುತ್ತದೆ. ಮೀನು ಹುಳವನ್ನು ಬಾಯೊಳಗೆ ತೆಗೆದುಕೊಂಡು ತಿರುಗಬೇಕು, ಅಲ್ಲಿಯವರೆಗೆ ಕಾಯಬೇಕು. ಅವನು ಕಾದ. ದಾರ ಒಂದು ಮಗ್ಗುಲಿಗೆ ಸರಿಯಿತು. ಆಗ ಮಣಿಕಟ್ಟು ಎತ್ತಿದ.

ಕೆಳಗೆ ಯಾವುದೋ ಎಮ್ಮೆ ಎದ್ದು ನಿಂತ ಹಾಗಾಯಿತು.

"ಆಯಿ! ದೊಡ್ಡದೈತಿ! ಬಾಳೆ ಮೀನ ಐತಿ!"

"ಬಿಡು, ಎಳದ್ರ ಬಿಡು. ನಿಂತ್ರ ತಗೊ."

ಯಮನೂರ ದಾರ ಬಿಟ್ಟ, ತೆಗೆದುಕೊಂಡ. ಒಂದು ಕೈ ಬಿಡುತ್ತಿತ್ತು, ಒಂದು ಕೈ ಸುತ್ತುತ್ತಿತ್ತು. ದಾರ ಸಣ್ಣದು, ಮೀನು ಭಾರದ್ದು. ಕೈ ಒಂದಿಷ್ಟು ಸೆಟೆದರೂ ದಾರ ಕಡಿಯುತ್ತದೆ.

ಆಗ ಫಕೀರವ್ವ ಹೇಳಿದಳು.

"ನಿನ್ನ ಬಲೆ ಕೊಯ್ದಾಕಿ ನಾನು."

ಯಮನೂರನಿಗೆ ಮಾತು ಕೇಳಿಸಿತು, ಅರ್ಥ ತಡವಾಗಿ ಬಂತು.

"ಏನಂದಿ?"

"ಪರಸ್ಯಾ ಅಲ್ಲ. ನಾನು. ನನ್ನ ಕುಡುಗೋಲು."

"ಸುಳ್ಳು ಹೇಳ್ತಿ! ಅವನ್ನ ಉಳಸಾಕ ಸುಳ್ಳು ಹೇಳ್ತಿ!"

"ತುದಿ ಗೂಟಕ್ಕ ಕೆಂಪು ಅರಿವಿ ಕಟ್ಟಿದ್ದಿ. ಅದನ್ನ ಯಾರಿಗೂ ಹೇಳಿಲ್ಲ ನೀ. ನಮ್ಮ ಗುಡಿಸಲಾಗ ಐತಿ, ಬಂದು ನೋಡು."

ಯಮನೂರ ಅವಳನ್ನೇ ನೋಡಿದ. ಎದೆಯಿಂದ ಬೆಂಕಿ ಎದ್ದು ಕುತ್ತಿಗೆಗೆ ಬಂತು, ಭುಜಕ್ಕೆ ಬಂತು.

ಮೀನು ಎಳೆಯಿತು. ಅವನ ಕೈ ದಾರ ಬಿಟ್ಟಿತು, ಮೆತ್ತಗೆ.

"ಯಾಕ? ನಾ ಏನು ಮಾಡಿದ್ನಿ ನಿನಗ? ಮುದಿ ಗೂಬಿ! ಯಾಕ?"

"ಬಸುರಿ ಮೀನು ಹಳ್ಳ ಏರೂ ಹೊತ್ತದು. ತತ್ತಿ ಇಡಾಕ ಹೊಂಟಿದ್ದವು. ನೀ ಸೊಳ್ಳಿ ಪರದಿ ಅಂಥಾ ಬಲೆ ತಂದು ಬಾಯಿಗೆ ಕಟ್ಟಿದಿ. ಬ್ಯಾಡ ಅಂತ ಮೂರು ಸಲ ಹೇಳಿದೆ. 'ನೀರೇನು ನಿಮ್ಮಪ್ಪಂದಾ?' ಅಂದಿ."

"ಅಂದ್ನಿ! ಅಂದ್ರ ಏನಾತು? ಬಿಚ್ಚಿ ದಂಡಿಗೆ ಒಗೀಬೇಕಿತ್ತು!"

"ಒಗೀಬಹುದಿತ್ತು" ಎಂದಳು ಫಕೀರವ್ವ. "ಎರಡು ಗೂಟ ಕಿತ್ತಿದ್ರ ಸಾಕಿತ್ತು, ಮೀನು ಹೋಗ್ತಿದ್ದವು. ನಾ ಹಂಗ ಮಾಡ್ಲಿಲ್ಲ. ಒಂದೊಂದು ಗಂಟು ಹುಡುಕಿ ಹುಡುಕಿ ಕೊಯ್ದೆ. ಸಿಟ್ಟಿತ್ತು ನನಗ. ಆ ಸಿಟ್ಟು ರುಚಿ ಆಗಿತ್ತು."

ಯಮನೂರ ಬೈಯತೊಡಗಿದ. ಅವಳ ತಾಯಿಯನ್ನು ಬೈದ, ಅವಳ ಕುಡುಗೋಲನ್ನು ಬೈದ, ಅವಳ ನರೆಗೂದಲನ್ನು ಬೈದ. ಪರಸಪ್ಪ ಊರು ಬಿಡುವಾಗ ಬಾಯಿ ಬಿಡದ ಅವಳ ನಾಲಿಗೆಗೆ ಹುಳ ಬೀಳಲಿ ಎಂದ. ಬರೆಯಲಾಗದಂಥ ಮಾತುಗಳನ್ನೆಲ್ಲ ಆಡಿದ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಬಾಯಲ್ಲಿ ನೊರೆ ಬರುತ್ತಿತ್ತು.

ಅಷ್ಟು ಹೊತ್ತೂ ಅವನ ಕೈ ಬಿಡುವಾಗ ಬಿಟ್ಟಿತು, ತೆಗೆದುಕೊಳ್ಳುವಾಗ ತೆಗೆದುಕೊಂಡಿತು. ದಾರ ಒಮ್ಮೆಯೂ ಸೆಟೆಯಲಿಲ್ಲ.

ಫಕೀರವ್ವ ಹುಟ್ಟು ಆಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

ಮೀನು ಮೇಲೆ ಬಂತು. ಬೆಳ್ಳಗೆ, ಉದ್ದಕ್ಕೆ, ಹಲ್ಲು ಕಿರಿದು. ಮುದುಕಿ ಕಿವಿರಿಗೆ ಕೈ ಹಾಕಿದಳು, ಇಬ್ಬರೂ ಸೇರಿ ಎಳೆದು ಒಳಗೆ ಹಾಕಿದರು. ಹರಿಗೋಲಿನ ಅರ್ಧ ಅದೇ ಆಯಿತು.

ಈಗ ಯಮನೂರನ ಕೈ ಖಾಲಿಯಾದವು. ಅವನು ಚೂರಿ ಹಿರಿದ.

ಫಕೀರವ್ವ ಹುಟ್ಟನ್ನು ತೊಡೆಯ ಮೇಲಿಟ್ಟು ಕುಳಿತಳು. ಕದಲಲಿಲ್ಲ.

ದಾರ ಅವನ ಎಡಗೈಗೆ ಸುತ್ತಿಕೊಂಡು ಅಂಗೈಯನ್ನು ಕೊರೆದಿತ್ತು. ಅವನು ಚೂರಿಯಿಂದ ಆ ಸುತ್ತನ್ನು ಒಂದೊಂದಾಗಿ ಬಿಡಿಸಿದ.

"ನನ್ನ ಎರಡೂ ಕೈ ದಾರದ ಮ್ಯಾಲೆ ಇರೂ ಹೊತ್ತು ನೋಡಿ ಹೇಳಿದಿ" ಎಂದ.

"ಹೂಂ."

"ಹೆದರಿದ್ದೀಯೇನು?"

"ಮೊದಲ ದಿನಾನ ಹೇಳಬೇಕಂದೆ. ನಿನ್ನ ಸೊಂಟ ನೋಡಿದೆ, ಹೆದರಿದೆ. ಆಮ್ಯಾಲೆ ನಾಚಿಕಿ ಆತು. ಆಮ್ಯಾಲೆ ಪರಸ್ಯಾನ ಹುಬ್ಬು ಒಡೀತು. ನಾಚಿಕಿ ಇನ್ನೂ ದೊಡ್ಡದಾತು."

"ನೀ ಗುರು!" ಎಂದು ಯಮನೂರ ನೀರಿಗೆ ಉಗುಳಿದ.

"ಗಾಳದಾಗ ಅಷ್ಟ."

ಮೀನು ಒಮ್ಮೆ ಬಾಲ ಬಡಿಯಿತು. ಇಬ್ಬರೂ ಅದರ ಕಡೆ ನೋಡಲಿಲ್ಲ. ಆಚೆ ದಂಡೆಯ ಚಪ್ಪರದಿಂದ ಒಲೆಯ ಹೊಗೆ ಏಳುತ್ತಿತ್ತು.

"ಪರಸ್ಯಾಗ ಏನಂತ ಹೇಳ್ಲಿ ನಾ?" ಎಂದು ಕೇಳಿದ ಯಮನೂರ.

"ಮೊದಲು ನಾ ಹೇಳೂದೈತಿ."

"ಹೊಡೀತಾನ."

"ಹೊಡೀಲಿ."

ಯಮನೂರ ಹುಟ್ಟು ತೆಗೆದುಕೊಂಡ. ನೀರಿಗೆ ಇಳಿಸಲಿಲ್ಲ, ಹಿಡಿದುಕೊಂಡು ಕುಳಿತ.

"ಒಂದು ಮಾತು ಹೇಳು ಆಯಿ. ನನ್ನ ಮ್ಯಾಲಿನ ಸಿಟ್ಟು ಹೋತೇನು ನಿನಗ?"

"ಇಲ್ಲ" ಎಂದಳು ಫಕೀರವ್ವ. "ಹುಟ್ಟು ಹಾಕು. ಪರಸ್ಯಾ ಊಟಕ್ಕ ಕುಂದ್ರೂದ್ರೊಳಗ ಮುಟ್ಟಬೇಕು."