ಗೂಬೆಗೆ ಹಿಡಿಸದ ಬಾಗಿಲು

ಅಪಶಕುನವೆಂದು ಯಾರೂ ಹತ್ತಿರ ಸುಳಿಯದ ಗೂಬೆಯೊಂದು ಗೀಜಗನ ಅಂಗಡಿಯಿಂದ ಆನ್‌ಲೈನಿನಲ್ಲಿ ಗೂಡು ತರಿಸಿಕೊಂಡಿತು. ಬಂದ ಗೂಡಿನ ಬಾಗಿಲಲ್ಲಿ ಅದರ ತಲೆಯೇ ತೂರಲಿಲ್ಲ. ದೂರು ಕೇಳಿದ್ದೇ ತಡ, ಗೀಜಗ ತಾನೇ ಹಾರಿಬಂತು.

"ಕ್ಷಮಿಸಿ ಗೂಬೆಯವರೇ, ಅಭ್ಯಾಸಬಲದಿಂದ ಬಾಗಿಲನ್ನು ನನ್ನ ಮೈಯಳತೆಗೇ ನೇಯ್ದುಬಿಟ್ಟೆ. ತಪ್ಪು ನನ್ನದೇ."

ಅಲ್ಲೇ ಕೂತು, ಅದೂ ಇದೂ ಮಾತಾಡುತ್ತ, ಸಂಜೆಯವರೆಗೂ ಬಾಗಿಲನ್ನು ಬಿಚ್ಚಿ ಅಗಲವಾಗಿ ಹೆಣೆಯಿತು.

"ಈಗ ಸರಿಯಾಯಿತೇ? ಇನ್ನೇನಾದರೂ ಕೊರತೆ ಇದ್ದರೆ ಹೇಳಿ, ತಕ್ಷಣ ಬರುತ್ತೇನೆ."

"ಏನೂ ಇಲ್ಲ. ಬಹಳ ಚೆನ್ನಾಗಿದೆ," ಎಂದಿತು ಗೂಬೆ.

ಗೀಜಗ ಹೊರಟುಹೋಯಿತು. ಗೂಬೆ ಒಳಗೆ ಹೋಗಿ ಕೂತಿತು. ಗೂಡು ಬೆಚ್ಚಗಿತ್ತು, ಮಾತಿರಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಬಂದು, ಬಾಗಿಲಿನ ಗಟ್ಟಿ ಎಳೆಯೊಂದನ್ನು ಕೊಕ್ಕಿನಿಂದ ಕಿತ್ತುಹಾಕಿ, ಗೀಜಗನಿಗೆ ಫೋನ್ ಮಾಡಿತು:

"ಸ್ವಾಮೀ, ಒಂದು ಕೊರತೆ ಇದೆ."