ಗಡಿಕಲ್ಲು ಕಿತ್ತವನ ತಮ್ಮ

"ಗುರುಗಳೇ, ಹೊಸ ಅರಸರು ನಮ್ಮ ಸೀಮೆಗೊಂದು ಸಭೆ ಕೊಟ್ಟಿದ್ದಾರೆ. ನಮ್ಮವರೇ ಕೂತು ಕಟ್ಟಳೆ ಮಾಡಬಹುದಂತೆ. ನನ್ನನ್ನೂ ಕರೆದಿದ್ದಾರೆ. ಸೀಮೆ ಅವರ ಕೈಗೆ ಹೋದದ್ದು ಅನ್ಯಾಯವೇ. ಆದರೂ ಒಳಗೆ ಹೋದರೆ ನಾಲ್ಕು ಮಾತಾಡಬಹುದಲ್ಲ. ಹೋಗಲೇ?" ಎಂದು ಶಿಷ್ಯ ಚೆನ್ನವೀರ ಕೇಳಿದ.

"ಹೊಸ ಪಂಚೆ ಉಟ್ಟುಕೊಂಡೇ ಕೇಳಲು ಬಂದಿದ್ದೀಯಲ್ಲ ಮಾರಾಯ! ಇರಲಿ, ಕೂತುಕೋ," ಎಂದು ಗುರುಗಳು ಕತೆ ಹೇಳಿದರು.

ಎರಡು ರಾಜ್ಯಗಳ ನಡುವೆ ಒಂದು ಹುಲ್ಲುಗಾವಲಿನ ಸೀಮೆಯಿತ್ತು. ಮೂಡಣ ಅರಸ ದಂಡು ತಂದು ಅದನ್ನು ಹಿಡಿದ. ಜನರೇ ನನ್ನನ್ನು ಕರೆದರು ಎಂದು ಡಂಗುರ ಹೊಡೆಸಿದ. ಕರೆದ ಆ ಪುಣ್ಯಾತ್ಮ ಯಾರೋ, ಅವನ ಮುಖವನ್ನು ಯಾರೂ ಕಾಣಲಿಲ್ಲ. ಅರಸ ತನ್ನ ಗಡಿಕಲ್ಲು ನೆಡಿಸಿದ. ಒಬ್ಬ ಕುರಿಗಾಹಿ ಅದನ್ನು ಕಿತ್ತು ಹಳ್ಳಕ್ಕೆ ಉರುಳಿಸಿದ. ಅವನನ್ನು ಸೆರೆಗೆ ಹಾಕಿದರು.

ಆಮೇಲೆ ಅರಸ ಸೀಮೆಯವರಿಗೆಂದು ಒಂದು ಸಭೆ ಮಾಡಿದ. ಸೆರೆಯಲ್ಲಿದ್ದವನ ತಮ್ಮನಿಗೂ ಅದರಲ್ಲಿ ಪೀಠ ಸಿಕ್ಕಿತು. ಅಣ್ಣನನ್ನು ಬಿಡಿಸಿಕೊಂಡೇ ಬರುತ್ತೇನೆ ಎಂದು ಮನೆಯವರಿಗೆ ಹೇಳಿ ಅವನು ಹೊರಟ.

ಬಾಗಿಲಲ್ಲಿ ಅಧಿಕಾರಿ ತಡೆದ. ಈ ಸೀಮೆ ಎಂದಿನಿಂದಲೂ ಮೂಡಣ ಅರಸರದೇ ಎಂದು ಆಣೆ ಮಾಡಿದವರಿಗೆ ಮಾತ್ರ ಸಭೆಯಲ್ಲಿ ಮಾತಾಡುವ ಹಕ್ಕು ಎಂದ. ಒಬ್ಬ ವರ್ತಕ ತಕ್ಕಡಿ ಮುಟ್ಟಿ ಆಣೆ ಮಾಡಿದ, ಆಚೆ ತಿರುಗಿ ನಕ್ಕ. ಅವನಿಗೇನು, ದಿನಕ್ಕೆ ಹತ್ತು ಸಲ ಆಣೆ ಮಾಡುವವನು. ಕುರಿಗಾಹಿಗಳ ರೀತಿ ಬೇರೆ. ಅವರಲ್ಲಿ ಕಂಬಳಿ ಮುಟ್ಟಿ ಆಡಿದ ಮಾತನ್ನು ಸಾಯುವತನಕ ಹಿಂದೆ ತೆಗೆದುಕೊಳ್ಳುವಂತಿಲ್ಲ. ತಮ್ಮ ಬಹಳ ಸಂಕಟಪಟ್ಟ. ಇದೊಂದು ಮಾತು ಆಡಿಬಿಟ್ಟರೆ ಅಣ್ಣನಿಗಾಗಿ ನೂರು ಮಾತು ಆಡಬಹುದು ಎಂದುಕೊಂಡು ಕಂಬಳಿ ಮುಟ್ಟಿದ. ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಸಭೆಯಲ್ಲಿ ಅವನು ಎದ್ದು ನಿಂತ. "ನಮ್ಮಣ್ಣನನ್ನು ಬಿಟ್ಟುಬಿಡಿ ಸ್ವಾಮಿ. ತನ್ನ ನೆಲದಲ್ಲಿ ನೆಟ್ಟ ಕಲ್ಲನ್ನು ಕಿತ್ತ, ಅಷ್ಟೇ."

ಅಧಿಕಾರಿ ಸಿಟ್ಟಾಗಲಿಲ್ಲ. "ನೆಲ ಯಾರದೆಂದು ಈಗಷ್ಟೇ ಆಣೆ ಮಾಡಿದಿರಿ?"

"ಅರಸರದು."

"ಅರಸರ ನೆಲದಿಂದ ಅರಸರ ಕಲ್ಲು ಕಿತ್ತವನನ್ನು ಏನೆನ್ನುತ್ತಾರೆ? ನೀವೇ ಹೇಳಿ."

ಪಕ್ಕದಲ್ಲಿದ್ದ ವರ್ತಕ ಅವನ ಅಂಗಿ ಜಗ್ಗಿದ. ಏನಾದರೂ ಸುಳ್ಳು ಹೇಳಿ ತಪ್ಪಿಸಿಕೊಳ್ಳಯ್ಯಾ ಎಂದು ಪಿಸುಗುಟ್ಟಿದ. ಆದರೆ ಕಂಬಳಿ ತಮ್ಮನ ಹೆಗಲ ಮೇಲೆಯೇ ಇತ್ತು.

"ದ್ರೋಹಿ," ಎಂದ ತಮ್ಮ.

ಸಭೆ ಅಣ್ಣನನ್ನು ಅವನು ಹುಟ್ಟಿದ ಹುಲ್ಲುಗಾವಲಿನಿಂದಲೇ ಗಡಿಪಾರು ಮಾಡಿತು. ಆ ಆಜ್ಞೆಗೆ ತಮ್ಮನೂ ರುಜು ಹಾಕಬೇಕಾಯಿತು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರನಿಗೆ ತಡೆಯಲಾಗಲಿಲ್ಲ. "ಎಂಥ ಮೋಸ! ಆ ಅರಸನನ್ನು ಸೀಮೆಯ ಜನ ಬೈಯಲಿಲ್ಲವೇ ಗುರುಗಳೇ?"

"ಅರಸನನ್ನು ಯಾಕಪ್ಪ ಬೈಯುತ್ತಾರೆ, ಅಣ್ಣನನ್ನು ಓಡಿಸಿದವನು ತಮ್ಮನಲ್ಲವೇ?"